ಬಸಿದ ನೀರಿನ ಲೆಕ್ಕ

100 ಗ್ರಾಂ ಹಸಿ ಪಾಲಕ್ ಸೊಪ್ಪಿನಲ್ಲಿ ಸುಮಾರು 28 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಅದನ್ನು ಕುದಿಸಿ, ನೀರು ಬಸಿದು, ಬೆಂದ ಸೊಪ್ಪನ್ನು 100 ಗ್ರಾಂ ತೂಗಿ ನೋಡಿದರೆ ಸಿಗುವುದು ಸುಮಾರು 10 ಮಿಲಿಗ್ರಾಂ. ಇದು ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿರುವ ಲೆಕ್ಕ. ಇಂಥ ಅಂಕಿ ಕಂಡವರು "ಬೇಯಿಸಿದರೆ ಸತ್ವವೆಲ್ಲ ಹೋಗುತ್ತೆ, ಹಸಿಯಾಗೇ ತಿನ್ನಿ" ಅನ್ನುತ್ತಾರೆ. ಆದರೆ ಅದೇ ಪಟ್ಟಿಯಲ್ಲಿ ಬೀಟಾ ಕ್ಯಾರೊಟೀನ್ ಎಷ್ಟಿದೆ ಅಂತಲೂ ನೋಡಬೇಕು. ನಮ್ಮ ದೇಹ ವಿಟಮಿನ್ ಎ ತಯಾರಿಸಿಕೊಳ್ಳುವುದು ಇದರಿಂದಲೇ. ಬೆಂದ ಪಾಲಕ್‌ನಲ್ಲಿ ಅದು ಕಮ್ಮಿಯಾಗಿಲ್ಲ. ಸೊಪ್ಪು ಬಾಡಿ ಕುಗ್ಗುವುದರಿಂದ ತೂಕಕ್ಕೆ ತೂಕ ನೋಡಿದರೆ ಸ್ವಲ್ಪ ಜಾಸ್ತಿಯೇ ಇದೆ.

ಒಂದೇ ಪಾತ್ರೆ, ಒಂದೇ ಉರಿ. ಆದರೂ ಒಂದು ಹೋಯಿತು, ಇನ್ನೊಂದು ಉಳಿಯಿತು. ಹಾಗಾಗಿ ಬೇಯಿಸಬೇಕೋ ಬೇಡವೋ ಎಂದು ಕೇಳುವುದಕ್ಕಿಂತ, ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದು ಮೇಲು.

ವಿಟಮಿನ್ ಸಿ ಮತ್ತು ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುತ್ತವೆ. ಬಿಸಿಯಾದಾಗ ಸೊಪ್ಪಿನ ಜೀವಕೋಶಗಳು ಒಡೆದು, ಒಳಗಿನ ರಸ ಸುತ್ತಲಿನ ನೀರಿಗೆ ಇಳಿಯುತ್ತದೆ. ವಿಟಮಿನ್ ಸಿ ಬಿಸಿಗೂ ಗಾಳಿಗೂ ಹಾಳಾಗುತ್ತದೆ, ನಿಜ. ಆದರೆ ಕೆಲವೇ ನಿಮಿಷದ ಕುದಿತದಲ್ಲಿ ಅದರ ದೊಡ್ಡ ಪಾಲು ಹೋಗುವುದು ನೀರಿಗೆ. ಪೊಟ್ಯಾಸಿಯಂ, ಮೆಗ್ನೀಸಿಯಂನಂಥ ಖನಿಜಗಳನ್ನು ಯಾವ ಉರಿಯೂ ನಾಶ ಮಾಡಲಾರದು. ಅವು ಕಮ್ಮಿಯಾಗಿದ್ದರೆ ಬಸಿದ ನೀರಿನಲ್ಲೇ ಇರಬೇಕು.

ಫೋಲೇಟ್ ಎಂಬ ಬಿ ವಿಟಮಿನ್ನಿನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆ ಕಥೆಗೆ ನಮ್ಮ ದೇಶದ ನಂಟೂ ಇದೆ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬೈಗೆ ಬಂದರು. ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಗೆ ಕಾರಣ ಹುಡುಕಿದರು. ಯೀಸ್ಟ್ ಸಾರ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. ಅದರಲ್ಲಿದ್ದ ಗುಣಕಾರಿ ಅಂಶವೇ ಫೋಲೇಟ್ ಎಂದು ಆಮೇಲೆ ತಿಳಿಯಿತು. 1941ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಗರ್ಭದಲ್ಲಿರುವ ಮಗುವಿನ ಮಿದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳಲು ಫೋಲೇಟ್ ಬೇಕೇಬೇಕು. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೀರಲ್ಲಿ ಕುದಿಸಿದ ಪಾಲಕ್‌ನಲ್ಲಿ ಫೋಲೇಟ್ ಹೆಚ್ಚುಕಮ್ಮಿ ಅರ್ಧದಷ್ಟೇ ಉಳಿಯಿತು. ಹಬೆಯಲ್ಲಿ ಬೇಯಿಸಿದ್ದರಲ್ಲಿ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಹಬೆಯೇನು ತಣ್ಣಗಿರುತ್ತದೆಯೇ? ಎರಡರ ಬಿಸಿಯೂ ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಇದ್ದದ್ದು ನೀರಿನಲ್ಲಿ.

ಇಲ್ಲಿ ಬಸ್ಸಾರಿನ ಮಾತು ಬರಲೇಬೇಕು. ಮಂಡ್ಯ, ಹಾಸನ, ತುಮಕೂರು ಕಡೆಯ ಮನೆಗಳಲ್ಲಿ ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಹುರುಳಿಕಾಳು, ಅಲಸಂದೆ ಅಥವಾ ತೊಗರಿಬೇಳೆಯ ಜೊತೆ ಧಾರಾಳ ನೀರಿನಲ್ಲಿ ಬೇಯಿಸುತ್ತಾರೆ. ಆಮೇಲೆ ನೀರು ಬಸಿಯುತ್ತಾರೆ. ಆದರೆ ಆ ಕಟ್ಟನ್ನು ಮೋರಿಗೆ ಚೆಲ್ಲುವುದಿಲ್ಲ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ತೆಂಗಿನಕಾಯಿ, ಹುಣಸೆಹಣ್ಣು ರುಬ್ಬಿ ಅದಕ್ಕೆ ಹಾಕಿದರೆ ಸಾರು. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಯ ಜೊತೆ ಎರಡೂ ಒಂದೇ ತಟ್ಟೆಗೆ ಬರುತ್ತವೆ. ಸೊಪ್ಪಿನಿಂದ ಇಳಿದ ಪೊಟ್ಯಾಸಿಯಂ, ಕಾಳಿನಿಂದ ಇಳಿದ ಬಿ ವಿಟಮಿನ್, ಒಂದಿಷ್ಟು ಫೋಲೇಟ್ ಎಲ್ಲವೂ ಹೊಟ್ಟೆಗೇ ಸೇರುತ್ತವೆ. ಉಪ್ಸಾರಿನಲ್ಲೂ ಆಗುವುದು ಇದೇ. ಮಸ್ಸೊಪ್ಪಿನಲ್ಲಂತೂ ಬೆಂದದ್ದನ್ನೆಲ್ಲ ಮಸೆದೇ ಹಾಕುತ್ತಾರೆ. ಪೌಷ್ಟಿಕತೆಯ ದೃಷ್ಟಿಯಿಂದ ಇಷ್ಟು ಅಚ್ಚುಕಟ್ಟಾದ ಅಡುಗೆ ಕಮ್ಮಿ ಎಂದೇ ನನ್ನ ಅನಿಸಿಕೆ. ಕೊರತೆ ಇರುವುದು ವಿಟಮಿನ್ ಸಿ ಒಂದರಲ್ಲಿ. ಬಸಿದ ನೀರು ಮತ್ತೆ ಒಲೆ ಮೇಲೆ ಕುದಿಯುವಾಗ ಅದು ಬಹಳಷ್ಟು ಹೋಗಿಬಿಡುತ್ತದೆ. ಊಟಕ್ಕೆ ಕೂತಾಗ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಆ ಕೊರತೆ ತುಂಬುತ್ತದೆ. ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಕೂಡ ವಿಟಮಿನ್ ಸಿ ನೆರವಾಗುತ್ತದೆ. ನಿಂಬೆರಸವನ್ನು ಕುದಿಯುವಾಗ ಹಾಕಬೇಡಿ, ಇಳಿಸಿದ ಮೇಲೆ ಹಾಕಿ.

ಕ್ಯಾರೊಟೀನ್ ಕರಗುವುದು ಎಣ್ಣೆ ತುಪ್ಪದಲ್ಲಿ, ನೀರಿನಲ್ಲಲ್ಲ. ಹಸಿ ಕ್ಯಾರೆಟ್ಟಿನಲ್ಲಿ ಅದು ಗಟ್ಟಿಯಾದ ಕೋಶಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ಎಷ್ಟೇ ಅಗಿದರೂ ಹೆಚ್ಚಿನ ಪಾಲು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಬೇಯಿಸಿದರೆ ಆ ಗೋಡೆಗಳು ಮೆತ್ತಗಾಗುತ್ತವೆ, ಸ್ವಲ್ಪ ಎಣ್ಣೆ ಸೇರಿದರೆ ಕರುಳು ಅದನ್ನು ಹೀರಿಕೊಳ್ಳುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇದನ್ನು ನಮ್ಮ ತರಕಾರಿಗಳನ್ನೇ ಇಟ್ಟುಕೊಂಡು ಪರೀಕ್ಷಿಸಿದ್ದಾರೆ. ಕುಕ್ಕರಿನಲ್ಲಿ ಬೇಯಿಸಿದಾಗ ಹೀರಿಕೊಳ್ಳಲು ಸಿಗುವ ಕ್ಯಾರೊಟೀನ್ ಹೆಚ್ಚಾಯಿತು. ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿದಾಗ ಇನ್ನೂ ಹೆಚ್ಚಾಯಿತು. ನುಗ್ಗೆ ಸೊಪ್ಪಿನ ಪಲ್ಯಕ್ಕೆ ಒಗ್ಗರಣೆಯ ಎಣ್ಣೆ, ಮೇಲೆ ತೆಂಗಿನ ತುರಿ ಹಾಕುವುದು ಸುಮ್ನೆ ರುಚಿಗಲ್ಲ. ಡಯಟ್ ಅಂತ ಎಣ್ಣೆಯನ್ನು ಪೂರ್ತಿ ಬಿಟ್ಟು ಬರೀ ಬೆಂದ ಕ್ಯಾರೆಟ್ ತಿನ್ನುವವರು ತಾವು ಬಯಸಿದ ಸತ್ವವನ್ನೇ ಕೈಬಿಡುತ್ತಿದ್ದಾರೆ. ಒಂದು ಚಮಚ ಸಾಕು. ಹಾಗಂತ ಬಾಣಲೆ ತುಂಬ ಎಣ್ಣೆಯಲ್ಲಿ ಕೆಂಪಗೆ ಕರಿದರೆ ಕ್ಯಾರೊಟೀನ್ ಕೂಡ ಹಾಳಾಗುತ್ತದೆ.

ಟೊಮೆಟೊದಲ್ಲಿ ಲಾಭ ನಷ್ಟ ಒಟ್ಟಿಗೇ ಕಾಣುತ್ತವೆ. 2002ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಟೊಮೆಟೊವನ್ನು 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿದರು. ವಿಟಮಿನ್ ಸಿ ಶೇ. 29ರಷ್ಟು ಇಳಿಯಿತು. ಕೆಂಪು ಬಣ್ಣ ಕೊಡುವ ಲೈಕೊಪೀನ್ ಮಾತ್ರ ಹಸಿಯಲ್ಲಿ ಅಳೆದದ್ದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಸಿಕ್ಕಿತು. ಹೊಸದಾಗಿ ಹುಟ್ಟಿದ್ದಲ್ಲ ಅದು, ಕೋಶಗಳಿಂದ ಬಿಡಿಸಿಕೊಂಡು ಬಂದದ್ದು. ಟೊಮೆಟೊ ಗೊಜ್ಜೂ ಇರಲಿ, ಕೋಸಂಬರಿಗೆ ಹಸಿ ಟೊಮೆಟೊವೂ ಇರಲಿ.

ಕುಕ್ಕರ್ ಬಗ್ಗೆ ಅನೇಕರಿಗೆ ಭಯ. ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ, ಸತ್ವ ಉಳಿಯುತ್ತಾ ಅಂತ. ಆದರೆ ಬೇಯುವ ಸಮಯ ಕಮ್ಮಿ, ಗಾಳಿಯೂ ಕಮ್ಮಿ. ತರಕಾರಿಯನ್ನು ನೀರಿಲ್ಲದೆ ಡಬ್ಬಿಯಲ್ಲಿಟ್ಟು ಒಂದು ವಿಷಲ್ ಕೂಗಿಸಿದರೆ, ಅದು ಬೇಯುವುದು ಹಬೆಯಲ್ಲೇ ಅಲ್ವಾ? ನನಗೆ ಹೆಚ್ಚು ಬೇಸರ ತರಿಸುವುದು ಅಡುಗೆ ಸೋಡಾ. ಕಾಳು ಬೇಗ ಬೇಯಲಿ, ಸೊಪ್ಪು ಹಸಿರಾಗಿರಲಿ ಎಂದು ಹಾಕುವ ಚಿಟಿಕೆ ಸೋಡಾ ಬಿ1 ವಿಟಮಿನ್ನನ್ನೂ ವಿಟಮಿನ್ ಸಿಯನ್ನೂ ಹಾಳು ಮಾಡುತ್ತದೆ. ಬಣ್ಣ ಉಳಿಯುತ್ತದೆ ಅಷ್ಟೇ. ಇನ್ನು ಹೆಚ್ಚಿದ ಮೇಲೆ ತರಕಾರಿ ತೊಳೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ತೊಳೆದು ಹೆಚ್ಚಿ, ತಡಮಾಡದೆ ಒಲೆಗೆ ಹಾಕಿ. ಆಲೂಗೆಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ.

ಬಸಿದ ನೀರನ್ನು ಚೆಲ್ಲಲೇಬೇಕಾದವರೂ ಇದ್ದಾರೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದವರ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಅದಕ್ಕೇ ಅಂಥವರಿಗೆ ವೈದ್ಯರು ತರಕಾರಿ ಬೇಯಿಸಿ ನೀರು ಚೆಲ್ಲಲು ಹೇಳುತ್ತಾರೆ. ಅವರಿಗೆ ಬಸ್ಸಾರಿನ ಸಾರು ಬೇಡ. ಸೊಪ್ಪು ತರಕಾರಿಗಳಲ್ಲಿರುವ ಆಕ್ಸಲೇಟ್ ಎಂಬ ಅಂಶದಿಂದ ಕಿಡ್ನಿಯಲ್ಲಿ ಕಲ್ಲಾಗುವವರ ವಿಷಯ ಸ್ವಲ್ಪ ಬೇರೆ. ಪಾಲಕ್, ದಂಟಿನ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಅದೂ ನೀರಿಗೆ ಇಳಿಯುತ್ತದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕುದಿಸಿದಾಗ ಕರಗುವ ಆಕ್ಸಲೇಟ್ ತರಕಾರಿಗೆ ತಕ್ಕಂತೆ ಶೇ. 30ರಿಂದ 87ರವರೆಗೆ ಕಮ್ಮಿಯಾಗಿತ್ತು. ಈ ಸೊಪ್ಪುಗಳ ಕಟ್ಟನ್ನು ಅವರು ಚೆಲ್ಲಿದರೇ ಸರಿ. ಎಲೆಕೋಸಿನಲ್ಲಿ ಆಕ್ಸಲೇಟ್ ತೀರಾ ಕಮ್ಮಿ. ಬಸ್ಸಾರು ತಿನ್ನಲೇಬೇಕು ಅನ್ನಿಸಿದಾಗ ಅವರು ಎಲೆಕೋಸು, ಕಾಳು ಹಾಕಿ ಮಾಡಿಕೊಳ್ಳಬಹುದು.