ಬೈಂಡಿಂಗ್‌ಗೆ ಕೊಡುವಾಗ ಚೀಟಿಯಲ್ಲಿ ಏನು ಬರೆಯಬೇಕು?

ಮಠದ ಕಪಾಟಿನಿಂದ ಬರಲಿ, ಶಾಲೆಯ ಗ್ರಂಥಾಲಯದಿಂದ ಬರಲಿ, ಮುತ್ಯಾನ ಟ್ರಂಕಿನಿಂದ ಬರಲಿ, ಕಲಬುರಗಿ, ಬೀದರ್, ಯಾದಗಿರಿ ಕಡೆ ಹಳೆಯ ಪುಸ್ತಕ ಬೈಂಡರ್ ಅಂಗಡಿ ಸೇರುವುದು ಸಾಮಾನ್ಯವಾಗಿ ಒಂದೇ ಮಾತಿನೊಂದಿಗೆ: ‘ಗಟ್ಟಿಯಾಗಿ ಬೈಂಡ್ ಮಾಡಿಕೊಡ್ರಿ.’ ಬೈಂಡರ್ ಹೇಳಿದ್ದನ್ನೇ ಮಾಡುತ್ತಾನೆ. ಗಟ್ಟಿ ಎಂದರೆ ಅಂಗಡಿಯ ಲೆಕ್ಕದಲ್ಲಿ ಸೈಡ್ ಹೊಲಿಗೆ, ಮೂರು ಕಡೆ ಕಟಿಂಗ್, ಮೇಲೆ ರೆಕ್ಸಿನ್. ಆಫೀಸಿನ ರಿಜಿಸ್ಟರಿಗೆ ಇದು ಸರಿಯಾದ ಕೆಲಸ. 1940ರ ಪುಸ್ತಕಕ್ಕೆ ಇದನ್ನೇ ಮಾಡಿದರೆ ಗೆದ್ದಲು ಬಿಟ್ಟದ್ದನ್ನು ಕಟಿಂಗ್ ಮಷೀನು ಮುಗಿಸುತ್ತದೆ. ತಪ್ಪು ಬೈಂಡರನದಲ್ಲ, ಚೀಟಿಯಲ್ಲಿ ಬರೆಯದೆ ಬಿಟ್ಟವರದು.

ಕೊಡುವ ಮುನ್ನ ಪುಟ ಎಣಿಸಿ. ಕನ್ನಡ ಪುಸ್ತಕಗಳ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಬಹಳ ಸಲ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಕಾಗದ, ಆಕಾರ, ಪುಟಗಳ ಲೆಕ್ಕ ಎಲ್ಲ ಇರುತ್ತವೆ. ‘ಪುಟಗಳು: 16 + 184’ ಎಂದಿದ್ದರೆ ಮೊದಲ ಅಂಕಿ ಮುನ್ನುಡಿ, ಪರಿವಿಡಿಗಳದು, ಎರಡನೆಯದು ಪಠ್ಯದ್ದು. ಒಟ್ಟು 200. ಹದಿನಾರು ಪುಟದ ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಒಟ್ಟಿಗೆ ಮಡಚಿದ ಪುಟಗಳ ಕಂತೆ) ಆದರೆ ಹನ್ನೆರಡು ಪೂರ್ಣ ಫಾರಂ, ಮೇಲೊಂದು ಎಂಟು ಪುಟದ ಅರ್ಧ ಫಾರಂ. ಹಳೆಯ ಅಚ್ಚುಮೊಳೆ ಮುದ್ರಣದ ಪುಸ್ತಕಗಳಲ್ಲಿ ಪ್ರತಿ ಫಾರಂನ ಮೊದಲ ಪುಟದ ಬುಡದಲ್ಲಿ ಪುಟಸಂಖ್ಯೆಯಲ್ಲದ ಸಣ್ಣ ಅಂಕಿಯೊಂದು ಕಾಣಬಹುದು, ಅದು ಫಾರಂ ಗುರುತು. 3ರ ನಂತರ 5 ಬಂದರೆ ನಡುವಿನ ಫಾರಂ ಕಳೆದಿದೆ, 4ರ ನಂತರ 4 ಬಂದರೆ ಒಂದೇ ಫಾರಂ ಎರಡು ಸಲ ಸೇರಿದೆ. ಹೊಲಿದಾದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

ಎರಡನೆಯ ಪರೀಕ್ಷೆ ಕಾಗದದ್ದು. ಅಚ್ಚಿಲ್ಲದ ಒಂದು ಪುಟದ ಮೂಲೆಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಮಡಚಿ. ಎರಡು ಸುತ್ತಿನಲ್ಲೇ ಮೂಲೆ ಕಳಚಿ ಬಿದ್ದರೆ ಆ ಪುಸ್ತಕ ಯಾವ ಹೊಲಿಗೆಯನ್ನೂ ತಡೆಯುವುದಿಲ್ಲ. ಸ್ಕ್ಯಾನ್ ಮಾಡಿಸಿ, ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆಯಲ್ಲಿಡಿ. ಇಂಥದ್ದಕ್ಕೆ ಬೈಂಡಿಂಗ್ ಮಾಡಿಸುವುದು ಹಣ ಕೊಟ್ಟು ಹಾಳು ಮಾಡಿಸಿಕೊಂಡಂತೆ.

ಕಾಗದ ಗಟ್ಟಿಯಿದ್ದರೆ ಮುಂದಿನ ಪ್ರಶ್ನೆ ಹೊಲಿಗೆ. ಚೀಟಿಯ ಅತಿ ಮುಖ್ಯ ಸಾಲು ಇದೇ. ಸೈಡ್ ಹೊಲಿಗೆಯಲ್ಲಿ ಬೆನ್ನಿನಿಂದ ಐದಾರು ಮಿಲಿಮೀಟರ್ ಒಳಗೆ, ಇಡೀ ದಪ್ಪಕ್ಕೆ ತೂತು ಕೊರೆದು ದಾರ ಹಾಕುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಕೂಲಿಯೂ ಕಡಿಮೆ. ಆದರೆ ಹಾಳೆ ಇನ್ನು ಮಡಿಕೆಯಲ್ಲಿ ತೆರೆಯುವುದಿಲ್ಲ, ದಾರದ ಗೆರೆಯಲ್ಲಿ ಬಾಗುತ್ತದೆ. ಒಳ ಮಾರ್ಜಿನ್ 15 ಮಿಲಿಮೀಟರ್ ಇರುವ ಡೆಮಿ, ಎಂದರೆ ಸಾಮಾನ್ಯ ಕಾದಂಬರಿ ಗಾತ್ರದ, ಪುಸ್ತಕದಲ್ಲಿ ಸಾಲಿನ ಮೊದಲಕ್ಷರಗಳು ಆ ಸಂದಿಯಲ್ಲಿ ಹುದುಗುತ್ತವೆ. ಓದುಗ ಒತ್ತಿ ತೆರೆಯುತ್ತಾನೆ, ಜೆರಾಕ್ಸ್‌ನವನು ಗಾಜಿನ ಮೇಲೆ ಇನ್ನೂ ಜೋರಾಗಿ ಅದುಮುತ್ತಾನೆ. ನಾಲ್ಕು ವರ್ಷದಲ್ಲಿ ಹೊಲಿಗೆ ಗಟ್ಟಿಯಾಗಿಯೇ ಇರುತ್ತದೆ, ಹಾಳೆ ಮಾತ್ರ ಕೈಗೆ ಬರುತ್ತದೆ.

ಬೇಕಾದದ್ದು ಫಾರಂ ಹೊಲಿಗೆ, ಅಂದರೆ ಸೆಕ್ಷನ್ ಹೊಲಿಗೆ. ಉರ್ದು ಬಲ್ಲ ಬೈಂಡರ್‌ಗೆ ‘ಜುಜ್‌ಬಂದಿ’ ಎಂದರೆ ಸಾಕು, ಜುಜ್ ಎಂದರೆ ಅವರಿಗೆ ಫಾರಂ. ಪ್ರತಿ ಫಾರಂನ ನಡುಮಡಿಕೆಯಿಂದ ದಾರ ಹಾಯಿಸಿ, ಬೆನ್ನಿನ ಮೇಲೆ ಇಟ್ಟ ಪಟ್ಟಿಗಳನ್ನು ಸುತ್ತಿ ತಂದು, ಎರಡೂ ತುದಿಯಲ್ಲಿ ಹಿಂದಿನ ಫಾರಂಗೆ ಗಂಟು ಹಾಕುವ ಕೆಲಸ ಇದು. ಡೆಮಿ ಅಳತೆಗೆ ಮೂರು ಪಟ್ಟಿ ಸಾಕು. ಮಡಿಕೆ ಹರಿದಿದ್ದರೆ ಮೊದಲು ತೆಳು ಟಿಶ್ಯೂ ಕಾಗದದ ಪಟ್ಟಿ ಅಂಟಿಸಿ ಎರಡು ಹಾಳೆಗಳನ್ನು ಮತ್ತೆ ಜೋಡಿಸಬೇಕು. ಸೆಲ್ಲೋ ಟೇಪ್ ಬೇಡವೇ ಬೇಡ: ಅದರ ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗಿ ಉಳಿಯುತ್ತದೆ, ಟೇಪ್ ಮಾತ್ರ ಉದುರುತ್ತದೆ. ದಾರದ ದಪ್ಪವನ್ನೂ ನೋಡಿಕೊಳ್ಳಿ. ಅರ್ಧ ಮಿಲಿಮೀಟರ್ ದಾರದಲ್ಲಿ ಇಪ್ಪತ್ತು ಫಾರಂ ಹೊಲಿದರೆ ಬೆನ್ನಿಗೆ ಹತ್ತು ಮಿಲಿಮೀಟರ್ ಸೇರಿತು. ಪ್ರೆಸ್‌ನಲ್ಲಿಟ್ಟಾಗ ಸ್ವಲ್ಪ ತಗ್ಗಿದರೂ ಪುಸ್ತಕ ಬೆನ್ನಲ್ಲಿ ಉಬ್ಬಿ, ಎದುರಿನ ಅಂಚಿನಲ್ಲಿ ತೆಳ್ಳಗಾಗುತ್ತದೆ. ದಾರ ತೀರಾ ತೆಳುವಾದರೆ ಅದು ಮಡಿಕೆಯನ್ನೇ ಕೊಯ್ಯುತ್ತದೆ.

ಈಚಿನ ಪುಸ್ತಕಗಳಲ್ಲಿ ಬಹುಪಾಲು ಪರ್ಫೆಕ್ಟ್ ಬೈಂಡಿಂಗ್. ಬೆನ್ನಿನ ಮಡಿಕೆಯನ್ನು ಕತ್ತರಿಸಿ, ಬಿಸಿ ಅಂಟು ಹಚ್ಚಿ, ರಕ್ಷಾಪುಟ ಅಂಟಿಸಿದ್ದು. (ಹೆಸರು ಕೊಟ್ಟವರು ಯಾರೋ, ಧೈರ್ಯವಂತರು.) ಅಂಟು ಒಣಗಿ ಸೀಳಿದಾಗ ಉಳಿಯುವುದು ಬಿಡಿ ಹಾಳೆ, ಜುಜ್‌ಬಂದಿಗೆ ಮಡಿಕೆಯೇ ಇರುವುದಿಲ್ಲ. ಇದಕ್ಕೂ ಸೈಡ್ ಹೊಲಿಗೆ ಬೇಕಿಲ್ಲ. ಹಾಳೆಗಳ ಕಟ್ಟನ್ನು ಬೆನ್ನಿನ ಕಡೆ ಒಂದು ಬದಿಗೆ ಬಾಗಿಸಿ ಬಿಳಿ ಅಂಟು (ಫೆವಿಕಾಲ್‌ನಂಥದ್ದು) ಹಚ್ಚಬೇಕು, ಆಮೇಲೆ ಇನ್ನೊಂದು ಬದಿಗೆ ಬಾಗಿಸಿ ಹಚ್ಚಬೇಕು. ಪ್ರತಿ ಹಾಳೆಯ ಎರಡೂ ಮುಖದ ತುದಿಯಲ್ಲಿ ಕೂದಲೆಳೆಯಷ್ಟು ಅಂಟು ಕೂತರೆ ಪುಸ್ತಕ ಚಪ್ಪಟೆಯಾಗಿ ತೆರೆಯುತ್ತದೆ.

‘ಕಟಿಂಗ್ ಬೇಡ’ ಎಂಬ ಎರಡು ಪದ ಚೀಟಿಯಲ್ಲಿ ದಪ್ಪಗೆ ಬರೆಯಿರಿ, ಬಾಯಲ್ಲೂ ಹೇಳಿ. ಅಂಚು ಸಮ ಮಾಡಲು ಮೂರು ಮಿಲಿಮೀಟರ್ ತೆಗೆದರೂ ಎರಡು ಸಲ ಬೈಂಡ್ ಆದ ಪುಸ್ತಕದಲ್ಲಿ ಪುಟಸಂಖ್ಯೆಗೇ ಕತ್ತಿ ಬೀಳುತ್ತದೆ. ಈ ಭಾಗದ ಮನೆಗಳಲ್ಲಿ ಸಿಗುವ ಫಾರ್ಸಿ, ಉರ್ದು ಕೈಬರಹದ ಪುಸ್ತಕಗಳಲ್ಲಿ ನಷ್ಟ ಇನ್ನೂ ದೊಡ್ಡದು. ಅವುಗಳ ಹಾಶಿಯಾ, ಎಂದರೆ ಅಂಚಿನ ಜಾಗ, ಖಾಲಿ ಬಿಟ್ಟದ್ದಲ್ಲ, ಟಿಪ್ಪಣಿ ಬರೆದದ್ದು. ಪುಟದ ಬುಡದ ಎಡಮೂಲೆಯಲ್ಲಿ ಓರೆಯಾಗಿ ಒಂಟಿ ಪದವೊಂದಿರುತ್ತದೆ, ರಿಕಾಬ್. ಮುಂದಿನ ಪುಟ ಯಾವ ಪದದಿಂದ ಶುರುವಾಗುತ್ತದೋ ಅದೇ ಪದ. ಪುಟಸಂಖ್ಯೆ ಇಲ್ಲದ ಕೈಬರಹದಲ್ಲಿ ಹಾಳೆಗಳ ಸರಣಿಗೆ ಅದೇ ಆಧಾರ. ಅದು ಕತ್ತರಿಸಿ ಹೋಗಿ, ಹಾಳೆ ಅದಲುಬದಲಾದರೆ ಸರಿಪಡಿಸಲು ಇಡೀ ಪುಸ್ತಕ ಓದಬಲ್ಲವರು ಬೇಕು.

ಹಳೆಯ ರಕ್ಷಾಪುಟ, ಕೊನೆಯ ಜಾಹೀರಾತು ಪುಟ, ಹರಿದ ಶೀರ್ಷಿಕೆ ಪುಟಗಳನ್ನು ಅಂಗಡಿಯಲ್ಲಿ ‘ರದ್ದಿ’ ಎಂದು ಬಿಸಾಡುತ್ತಾರೆ. ಸಂಗ್ರಾಹಕರಿಗೆ ಅದೇ ಬೇಕಾದದ್ದು. ಯಾವ ಮುದ್ರಣ ಎನ್ನುವುದು ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತದೆ. ಹೊಸ ರಟ್ಟಿನೊಳಗೆ ಅವುಗಳನ್ನೂ ಸೇರಿಸಿ ಹೊಲಿಯಲು ಬರೆಯಿರಿ. ವರ್ಷ ಓದುವಾಗಲೂ ಎಚ್ಚರ ಬೇಕು. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಫಸಲಿ (ಕಂದಾಯದ ಲೆಕ್ಕದ) ವರ್ಷವೂ ಬರುತ್ತದೆ, ಹಿಜರಿಯೂ (ಇಸ್ಲಾಮಿ ಚಾಂದ್ರಮಾನ ವರ್ಷ) ಬರುತ್ತದೆ. ಫಸಲಿಗೆ 590 ಕೂಡಿಸಿ, ಅಕ್ಟೋಬರ್‌ನಲ್ಲಿ ವರ್ಷ ಶುರುವಾಗುವುದರಿಂದ ಜನವರಿಯಿಂದ ಮುಂದಿನ ತಿಂಗಳಾದರೆ 591. ಫಸಲಿ 1350 ಎಂದರೆ 1940–41. ಅದೇ 1350 ಹಿಜರಿಯಾದರೆ 1931–32. ಅಂಕಿಯ ಪಕ್ಕದ ಉರ್ದು ಅಕ್ಷರ ‘ಫೆ’ ಇದ್ದರೆ ಫಸಲಿ, ‘ಹೆ’ ಇದ್ದರೆ ಹಿಜರಿ, ‘ಐನ್’ ಇದ್ದರೆ ಇಸವಿ. ಕನ್ನಡ, ಮರಾಠಿ ಪುಸ್ತಕಗಳಲ್ಲಿ ಶಕ ಇದ್ದರೆ 78 ಕೂಡಿಸಿ.

ಇನ್ನು ರಟ್ಟು. ಡೆಮಿ ಪುಸ್ತಕಕ್ಕೆ ಎರಡು ಮಿಲಿಮೀಟರ್ ದಪ್ಪ ಸಾಕು, ಮೂರು ಕಡೆ ಹಾಳೆಗಿಂತ ಮೂರು ಮಿಲಿಮೀಟರ್ ಹೊರಗಿರಲಿ. ರಟ್ಟಿಗೂ ಬೆನ್ನಿಗೂ ನಡುವೆ ಏಳೆಂಟು ಮಿಲಿಮೀಟರ್ ಕಾಲುವೆ ಬೇಕು, ಇಲ್ಲವಾದರೆ ರಟ್ಟು ತೆರೆದಾಗಲೆಲ್ಲ ಮೊದಲ ಹಾಳೆಯನ್ನು ಎಳೆಯುತ್ತದೆ. ನಮ್ಮ ಬೇಸಿಗೆಯಲ್ಲಿ ರಟ್ಟು ಸೊಟ್ಟಗಾಗುತ್ತದೆ ಎಂದು ದೂರುವವರು ನಾರಿನ ದಿಕ್ಕು ನೋಡಿರುವುದಿಲ್ಲ. ಕಾಗದದ ಚೌಕ ತುಂಡಿನ ಒಂದು ಮುಖಕ್ಕೆ ನೀರು ಸವರಿದರೆ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದವೇ ನಾರಿನ ದಿಕ್ಕು. ರಟ್ಟು, ಒಳ ಅಸ್ತರಿನ ಹಾಳೆ, ಬಟ್ಟೆ ಮೂರರಲ್ಲೂ ಅದು ಬೆನ್ನಿಗೆ ಸಮಾನಾಂತರವಾಗಿರಬೇಕು. ಅಂಟಿಸಿದ ಮೇಲೆ ರಾತ್ರಿಯಿಡೀ ತೂಕದಡಿ ಒಣಗಬೇಕು. ಏಪ್ರಿಲ್ ಬಿಸಿಲಿಗೆ ಇಟ್ಟರೆ ಹೊರಮುಖ ಮೊದಲು ಒಣಗಿ ಎಳೆಯುತ್ತದೆ, ಆ ಸೊಟ್ಟು ಮತ್ತೆ ನೇರವಾಗುವುದು ಕಷ್ಟ.

ಅಂಟಿಗೆ ಮೈದಾ ಒಳ್ಳೆಯದು: ನೂರು ಗ್ರಾಂಗೆ ಸುಮಾರು ಆರುನೂರು ಮಿಲಿಲೀಟರ್ ನೀರು, ಗಂಟಿಲ್ಲದಂತೆ ಕಾಯಿಸಿ ಎರಡು ದಿನದೊಳಗೆ ಬಳಸಬೇಕು. ಹುಳು ಬಾರದಿರಲೆಂದು ಮೈಲುತುತ್ತ ಹಾಕುವ ಪದ್ಧತಿ ಇದೆ. ಪುಸ್ತಕಕ್ಕೆ ಅದು ಬೇಡ, ಅದರಲ್ಲಿರುವ ತಾಮ್ರವೇ ಕಾಗದ ಕಂದಿ ಪುಡಿಯಾಗುವುದನ್ನು ಚುರುಕು ಮಾಡುತ್ತದೆ. ಬಿಳಿ ಅಂಟು ಬೆನ್ನಿಗೆ ಇರಲಿ, ಹಳೆಯ ಹಾಳೆಗೆ ತಾಗಬಾರದು: ಮೈದಾ ಅಂಟು ಒದ್ದೆ ಮಾಡಿದರೆ ಬಿಡುತ್ತದೆ, ಇದು ಬಿಡುವುದಿಲ್ಲ. ಹೊದಿಕೆಗೆ ಕ್ಯಾಲಿಕೊ ಬಟ್ಟೆ ಹೇಳಿ. ರೆಕ್ಸಿನ್ ನಮ್ಮ ಸೆಖೆಗೆ ಬಿರಿದು ಸುಲಿಯುತ್ತದೆ.

ಉರ್ದು ಪುಸ್ತಕವಾದರೆ ‘ಬಲದಿಂದ ಎಡಕ್ಕೆ’ ಎಂದು ಬರೆದು, ಮೊದಲ ಹಾಳೆಗೆ ಪೆನ್ಸಿಲ್ ಗುರುತು ಹಾಕಿ. ಮುಖರಟ್ಟು ಎದುರಿಟ್ಟಾಗ ಬೆನ್ನು ಬಲಗಡೆ ಬರಬೇಕು. ಕನ್ನಡದ್ದರ ಜೊತೆ ಒಂದೇ ಕಟ್ಟಿನಲ್ಲಿ ಕೊಟ್ಟರೆ ಹೆಸರು ಹಿಂಬದಿಯ ರಟ್ಟಿನ ಮೇಲೆ ಬಂಗಾರದಕ್ಷರದಲ್ಲಿ ಕೂರುವುದು ಅಪರೂಪವಲ್ಲ. ತರುವ ದಿನ ಅಂಗಡಿಯಲ್ಲೇ ಪುಟ ಮತ್ತೆ ಎಣಿಸಿ, ನಡುವಿನ ಒಂದು ಫಾರಂ ತೆರೆದು ಮಡಿಕೆಯಲ್ಲಿ ದಾರ ಕಾಣುತ್ತದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.