ಗೋಪುರ ಗುಂಡಿಯಾದದ್ದು: ಮೆಟ್ಟಿಲಿನ ಫೋಟೋ ಮತ್ತು ನೆರಳಿನ ಲೆಕ್ಕ

ಮೆಟ್ಟಿಲುಗಳ ಫೋಟೋ ತೆಗೆಯುವುದನ್ನು ಕಲಿಯಲು ಹೊರಟು ನಾನು ಮುಗ್ಗರಿಸಿದ ಒಂದೇ ಒಂದು ಕಡೆಯ ಬಗ್ಗೆ ಈ ಟಿಪ್ಪಣಿ. ಚೌಕಟ್ಟು ಕಟ್ಟುವುದು, ಫೋಕಸ್ ಮಾಡುವುದು ಇವನ್ನೆಲ್ಲ ಬಿಟ್ಟಿದ್ದೇನೆ. ಅವು ಎಲ್ಲ ಕಡೆಯೂ ಸಿಗುತ್ತವೆ. ಬೆಳಕಿನ ಈ ಲೆಕ್ಕ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಂಪಿಯ ರಾಜಪ್ರಾಂಗಣದಲ್ಲಿ ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲುಗಳ ಪುಷ್ಕರಣಿ ಇದೆಯಲ್ಲ, 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದದ್ದು, ಅದರ ಪಶ್ಚಿಮದ ಅಂಚಿನಲ್ಲಿ ಮಾರ್ಚ್ ತಿಂಗಳ ಒಂದು ಸಂಜೆ ನಿಂತಿದ್ದೆ. ಗಂಟೆ ಐದಕ್ಕೆ ಕಾಲು ಗಂಟೆ ಬಾಕಿ. ಕೊಳದ ತಳ ಆಗಲೇ ನೆರಳಿನಲ್ಲಿತ್ತು, ಎದುರಿನ ಮೇಲಿನ ಹಂತಗಳ ಮೇಲೆ ಮಾತ್ರ ಬಿಸಿಲು. ಪ್ರತಿ ಹಂತದಲ್ಲೂ ಎಡದಿಂದ ಒಂದು, ಬಲದಿಂದ ಒಂದು ಪುಟ್ಟ ಮೆಟ್ಟಿಲ ಸಾಲು ಹತ್ತಿ ಬಂದು ಮೇಲೆ ಕೂಡಿಕೊಳ್ಳುತ್ತವೆ. ಎದುರಿನಿಂದ ನೋಡಿದರೆ ಒಂದರ ಪಕ್ಕದಲ್ಲೊಂದು ಸಣ್ಣ ಗೋಪುರಗಳನ್ನು ಜೋಡಿಸಿಟ್ಟಂತೆ. ಜೂಮ್ ಮಾಡಿ, ಆಕಾಶವೂ ಅಂಚೂ ಬರದಂತೆ ಬರಿ ಗೋಪುರಗಳನ್ನು ತುಂಬಿಕೊಂಡೆ. ಬಹಳ ಚೆನ್ನಾಗಿ ಬಂದಿದೆ ಎಂದುಕೊಂಡೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಹಿಂದಿನಿಂದ ಇಣುಕಿದ ತಂಗಿ ಕೇಳಿದಳು: "ಅಕ್ಕ, ನೆಲದಲ್ಲಿ ಇಷ್ಟೊಂದು ಗುಂಡಿಗಳನ್ನು ಯಾರು ತೋಡಿದರು?"

ಮೊದಲು ಸಿಟ್ಟು ಬಂತು. ಆಮೇಲೆ ನನಗೂ ಗುಂಡಿಗಳೇ ಕಾಣತೊಡಗಿದವು. ಕಣ್ಣು ಕಿರಿದು ಮಾಡಿದರೂ ಗೋಪುರ ಮರಳಿ ಬರಲಿಲ್ಲ.

ಏನಾಗಿದೆ ಎಂದು ಹೇಳಲು ಎರಡು ಪದ ಬೇಕು. ಕಾಲಿಡುವ ಅಡ್ಡ ಮೇಲ್ಮೈಗೆ ಹಾಸು ಎಂದೂ ನೆಟ್ಟಗೆ ನಿಂತ ಮುಖಕ್ಕೆ ನಿಲುವು ಎಂದೂ ಕರೆಯುತ್ತೇನೆ. (ಪುಷ್ಕರಣಿಯ ಈ ಜೋಡಿ ಮೆಟ್ಟಿಲುಗಳು ಪಕ್ಕಕ್ಕೆ ಹತ್ತುವುದರಿಂದ ನಮಗೆ ಎದುರಾಗುವ ನಿಲುವು ಅವುಗಳ ಪಕ್ಕದ ಗೋಡೆ. ಲೆಕ್ಕ ಬದಲಾಗುವುದಿಲ್ಲ.) ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ನಮ್ಮ ಮಿದುಳು ನಂಬಿಕೊಂಡಿದೆ, ಆದ್ದರಿಂದ ಹೆಚ್ಚು ಬೆಳಗಿದ್ದು ಹಾಸು, ಕಡಿಮೆ ಬೆಳಗಿದ್ದು ನಿಲುವು ಎಂದು ಓದಿಕೊಳ್ಳುತ್ತದೆ. ಆ ಸಂಜೆ ಸೂರ್ಯ ನನ್ನ ಬೆನ್ನ ಹಿಂದೆ, ತಗ್ಗಿನಲ್ಲಿ. ಬಿಸಿಲು ನಿಲುವಿನ ಎದೆಗೆ ನೇರವಾಗಿ ಹೊಡೆದಿತ್ತು, ಹಾಸನ್ನು ಸವರಿಕೊಂಡು ಹೋಗಿತ್ತು ಅಷ್ಟೆ. ಹಾಗಾಗಿ ಫೋಟೋದಲ್ಲಿ ಹೊಳೆಯುವ ಗೋಡೆ ನೆಲವಾಯಿತು, ಮಂಕಾದ ಹಾಸು ಅದರಾಚೆಯ ಗೋಡೆಯಾಯಿತು. ಹೊಳೆಯುವ ನೆಲ, ಸುತ್ತ ಮಂಕು ಗೋಡೆ: ಗುಂಡಿಯಲ್ಲದೆ ಮತ್ತೇನು?

ಇದು ಹೊಸ ಮೋಸವೇನಲ್ಲ. 1858ರಲ್ಲಿ ಹೈನ್‌ರಿಚ್ ಶ್ರೋಡರ್ ಎಂಬ ಜರ್ಮನ್ ವಿಜ್ಞಾನಿ ಬರೆದ ಮೆಟ್ಟಿಲಿನ ರೇಖಾಚಿತ್ರ ಇಂದಿಗೂ ಅವನ ಹೆಸರಿನಲ್ಲೇ ಇದೆ. ಒಮ್ಮೆ ಮೇಲಿನಿಂದ ಕಂಡ ಮೆಟ್ಟಿಲು, ಇನ್ನೊಮ್ಮೆ ಅಡಿಯಿಂದ ಕಂಡ ಮೆಟ್ಟಿಲು. ಗೆರೆಗಳಷ್ಟೇ ಇದ್ದರೆ ಎರಡೂ ಸರಿ. ತೀರ್ಪು ಕೊಡಬೇಕಾದದ್ದು ಬೆಳಕು, ನಾನು ಆ ಬೆಳಕಿನಿಂದಲೇ ಸುಳ್ಳು ಹೇಳಿಸಿದ್ದೆ.

ಇನ್ನು ನನಗೆ ಎರಡು ದಿನ ಹಿಡಿಸಿದ ಭಾಗ. ತಂಗಿಯ ಐದು ನೋಟ್‌ಬುಕ್‌ಗಳನ್ನು ಮೆಟ್ಟಿಲಿನಂತೆ ಪೇರಿಸಿ, ದೀಪ ಆರಿಸಿ, ಅವುಗಳ ಎದುರಿನಿಂದ ಟಾರ್ಚ್ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಟಾರ್ಚ್ ಎತ್ತರದಲ್ಲಿದ್ದಾಗ ಹಾಸು ಬೆಳಗುತ್ತದೆ, ತಗ್ಗಿಸಿದರೆ ನಿಲುವು ಬೆಳಗುತ್ತದೆ. ನಡುವೆ ಒಂದು ಕಡೆ, 45 ಡಿಗ್ರಿಯ ಹತ್ತಿರ, ಎರಡೂ ಸಮವಾಗಿ ಅಂಚುಗಳೇ ಕರಗಿಹೋಗುತ್ತವೆ. ಪುಸ್ತಕದ ಮೆಟ್ಟಿಲು ಬರಿ ಇಳಿಜಾರಿನ ಹಲಗೆಯಂತೆ ಕಾಣುತ್ತದೆ. ಹಿಂದೆ ಎಷ್ಟೋ ಸಲ ನನ್ನ ಮೆಟ್ಟಿಲುಗಳು ಚಪ್ಪಟೆಯಾಗಿ ಬಂದು, ಲೆನ್ಸನ್ನು ಬೈದದ್ದು ನೆನಪಾಯಿತು.

ಅಳೆಯುವುದು ಹೇಗೆ? ಕೋನಮಾಪಕ ಬೇಡ, ನಮ್ಮ ನೆರಳೇ ಸಾಕು. ಸಮತಟ್ಟು ನೆಲದಲ್ಲಿ ನಿಂತು ನೆರಳು ನಮ್ಮ ಎತ್ತರದ ಎಷ್ಟು ಪಟ್ಟಿದೆ ನೋಡಿ. ಬಿಸಿಲಿಗೆ ಎದುರಾದ ಮೆಟ್ಟಿಲಿನಲ್ಲಿ ನಿಲುವಿನ ಮೇಲೆ ಬೀಳುವ ಬಿಸಿಲು ಹಾಸಿನ ಮೇಲೆ ಬೀಳುವುದರ ಅಷ್ಟೇ ಪಟ್ಟು. ನೆರಳು ನಮ್ಮಷ್ಟೇ ಇದ್ದರೆ ಎರಡೂ ಸಮ, ಕ್ಯಾಮೆರಾ ಚೀಲದಲ್ಲಿಡಿ. ಅರ್ಧದಷ್ಟಿದ್ದರೆ ಹಾಸಿನ ಮೇಲೆ ಇಮ್ಮಡಿ ಬಿಸಿಲು, ಅಂದರೆ ಫೋಟೋ ತೆಗೆಯುವವರ ಮಾತಿನಲ್ಲಿ ಒಂದು ಸ್ಟಾಪ್ ಹೆಚ್ಚು, ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತದೆ. ನೆರಳು ಇಮ್ಮಡಿ ಇದ್ದರೆ ನಿಲುವಿಗೆ ಒಂದು ಸ್ಟಾಪ್ ಹೆಚ್ಚು, ಗುಂಡಿ ತೋಡಲು ಶುರು. ಆ ಸಂಜೆ ನನ್ನ ನೆರಳು ಇಮ್ಮಡಿಗಿಂತ ತುಸು ಉದ್ದವೇ ಇದ್ದಿರಬೇಕು. ಆಕಾಶದ ಬೆಳಕೂ ಸೇರುವುದರಿಂದ ಫೋಟೋದಲ್ಲಿ ವ್ಯತ್ಯಾಸ ಇಷ್ಟು ಕಟ್ಟುನಿಟ್ಟಾಗಿ ಬರುವುದಿಲ್ಲ, ಆದರೆ ದಿಕ್ಕು ತಪ್ಪುವುದಿಲ್ಲ. ಸೂರ್ಯ ಓರೆಯಾಗಿದ್ದರೆ ನೆರಳಿನ ಪೂರ್ತಿ ಉದ್ದ ಬೇಡ, ಅದು ಮೆಟ್ಟಿಲಿನತ್ತ ಎಷ್ಟು ದೂರ ಚಾಚಿದೆ ಎಂಬುದನ್ನಷ್ಟೇ ಎಣಿಸಬೇಕು.

ಸೂರ್ಯ ಮೆಟ್ಟಿಲಿನ ಹಿಂದಿದ್ದರೆ ಇದೇ ಅಳತೆ ಇನ್ನೊಂದು ಕೆಲಸಕ್ಕೆ ಬರುತ್ತದೆ, ನನಗೆ ಇದೇ ಹೆಚ್ಚು ಇಷ್ಟ. ಆಗ ನಿಲುವು ಪೂರ್ತಿ ನೆರಳಿನಲ್ಲಿರುತ್ತದೆ, ತನ್ನ ನೆರಳನ್ನು ಕೆಳಗಿನ ಹಾಸಿನ ಮೇಲೂ ಚೆಲ್ಲುತ್ತದೆ. 15 ಸೆಂಟಿಮೀಟರ್ ನಿಲುವು, 30 ಸೆಂಟಿಮೀಟರ್ ಹಾಸು ಇರುವ ನೇರ ಮೆಟ್ಟಿಲು ಎಂದುಕೊಳ್ಳಿ. ನಮ್ಮ ನೆರಳು ನಮ್ಮಷ್ಟೇ ಇದ್ದಾಗ ನಿಲುವಿನ ನೆರಳೂ 15 ಸೆಂಟಿಮೀಟರ್, ಹಾಸಿನ ಸರಿಯಾಗಿ ಅರ್ಧ. ಜಮಖಾನದ ಪಟ್ಟಿಗಳಂತೆ ಬಿಳಿ, ಕಪ್ಪು, ಬಿಳಿ, ಕಪ್ಪು. ನೆರಳು ಇಮ್ಮಡಿಯಾದರೆ 30 ಸೆಂಟಿಮೀಟರ್, ಇಡೀ ಸಾಲು ಕತ್ತಲೆ. ಅಂದರೆ ಒಂದು ಬದಿಯಿಂದ ಚಪ್ಪಟೆಯಾಗಿ ಕಾಣುವ ಗಳಿಗೆಯೇ ಎದುರು ಬದಿಗೆ ಒಳ್ಳೆಯ ಮುಹೂರ್ತ. ಹಂಪಿಯಲ್ಲಿ ಮಾರ್ಚ್ ನಡುವಿನಲ್ಲಿ ಇದು ಬೆಳಿಗ್ಗೆ ಒಂಬತ್ತೂವರೆಯ ಆಸುಪಾಸು. ಪಶ್ಚಿಮದ ಅಂಚಿನಲ್ಲಿ ನಿಂತು ಪೂರ್ವದ ಬದಿಯನ್ನು ನೋಡಬೇಕು. ನಾನು ನಿಂತ ಜಾಗ ಸರಿಯಾಗಿಯೇ ಇತ್ತು, ಹೊತ್ತು ತಪ್ಪಿತ್ತು.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣದ ಬಗ್ಗೆ ಎರಡೇ ಮಾತು. ಪುಷ್ಕರಣಿಯ ಕಲ್ಲು ಕಪ್ಪು ಛಾಯೆಯದ್ದು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುವಣ ಬೂದು ಎಂದುಕೊಂಡು ಆ ಕಲ್ಲನ್ನು ತಿಳಿಮಾಡಿಬಿಡುತ್ತದೆ. ಒಂದು ಸ್ಟಾಪ್ ಇಳಿಸಿದರೆ ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ.

ಬೆಳಕು ಕೈಕೊಟ್ಟರೆ ಇನ್ನೊಂದು ದಾರಿಯಿದೆ: ತೂಕವಿರುವ ಏನಾದರೊಂದನ್ನು ಚೌಕಟ್ಟಿನೊಳಗೆ ಬಿಡುವುದು. ರಷ್ಯಾದ ಛಾಯಾಗ್ರಾಹಕ ರೊದ್‌ಚೆಂಕೊ 1930ರ ಒಂದು ಫೋಟೋದಲ್ಲಿ ಮೆಟ್ಟಿಲುಗಳನ್ನು ಬರಿ ಓರೆ ಪಟ್ಟಿಗಳಾಗಿಸಿದ, ಆದರೆ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಅವನ್ನು ಹತ್ತುತ್ತಿದ್ದಾಳೆ. ಆಕೆಯ ಕಾಲು ಊರಿದ್ದೇ ಹಾಸು, ಅನುಮಾನಕ್ಕೆ ಎಡೆಯೇ ಇಲ್ಲ. ಪುಷ್ಕರಣಿಯಲ್ಲಿ ಒಂದು ಮೈನಾ ಕೂತಿದ್ದರೂ ನನ್ನ ಫೋಟೋ ಉಳಿಯುತ್ತಿತ್ತು. ಕೂತಿತ್ತು ಕೂಡ. ಚೌಕಟ್ಟು ಕೆಡಿಸುತ್ತದೆಂದು ಅದು ಹಾರಿಹೋಗುವವರೆಗೆ ನಾನೇ ಕಾದಿದ್ದೆ.

ಕಟ್ಟಡವನ್ನು ಕಟ್ಟಡವಾಗಿ ತೋರಿಸಬೇಕೆಂದಿದ್ದರೆ ಈ ಎಚ್ಚರವೆಲ್ಲ ಬೇಕು. ಬರಿ ಆಕಾರವೇ ಬೇಕೆಂದರೆ ಇದೇ ಲೆಕ್ಕವನ್ನು ತಿರುಗಿಸಿಕೊಳ್ಳಬಹುದು: ಬೆನ್ನಿಗೆ ಸೂರ್ಯ, ಇಮ್ಮಡಿ ನೆರಳು, ಚೌಕಟ್ಟಿನಲ್ಲಿ ಅಂಚೂ ಬೇಡ, ಹಕ್ಕಿಯೂ ಬೇಡ. ಆ ಸಂಜೆಯ ಫೋಟೋವನ್ನು ಅಳಿಸಿಲ್ಲ. "ಗುಂಡಿಗಳು" ಎಂದು ಹೆಸರಿಟ್ಟು ಬೇರೆ ಫೋಲ್ಡರಿಗೆ ಹಾಕಿದ್ದೇನೆ.