ಕಾಲಿನಲ್ಲಿ ಹೆಪ್ಪು, ಒಳಗೆ ಕ್ಯಾನ್ಸರ್? ಎಷ್ಟು ಹುಡುಕಬೇಕು

ಡಿವಿಟಿ, ಅಂದರೆ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು, ಇದರ ಪಾಠದಲ್ಲಿ ಟ್ರೂಸೋ ಅನ್ನುವ ಹೆಸರಿಗೆ ಗೆರೆ ಎಳೆದು ಎಲ್ಲರೂ ಮುಂದೆ ಹೋಗುತ್ತೇವೆ. ಆರ್ಮಾಂಡ್ ಟ್ರೂಸೋ ಪ್ಯಾರಿಸ್ಸಿನ ವೈದ್ಯ. ಬೇರೆ ಕಾರಣ ಕಾಣದೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಒಳಗೆಲ್ಲೋ ಕ್ಯಾನ್ಸರ್ ಅಡಗಿರಬಹುದು ಎಂದು 1865ರಲ್ಲಿ ಪಾಠ ಹೇಳಿದ್ದ. 1867ರಲ್ಲಿ ಅವನಿಗೇ ಹೆಪ್ಪು ಕಾಣಿಸಿಕೊಂಡಿತು. ಅದರ ಅರ್ಥ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡ.

ಯಾಕೆ ಹೀಗಾಗುತ್ತದೆ? ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಸಾಮಾನ್ಯವಾಗಿ ರಕ್ತನಾಳದ ಹೊರಗಿರುತ್ತದೆ. ಗಾಯವಾದಾಗ ಮಾತ್ರ ರಕ್ತಕ್ಕೆ ಸಿಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಇದನ್ನು ಮೈಮೇಲೇ ಹೊತ್ತು ತಿರುಗುತ್ತವೆ. ಗಾಯವೇ ಇಲ್ಲ, ಆದರೂ ಹಾಲಿಗೆ ಮಜ್ಜಿಗೆ ಬಿಟ್ಟಂತಾಯಿತು. ಜೊತೆಗೆ ಗಡ್ಡೆ ರಕ್ತನಾಳವನ್ನು ಒತ್ತಿದರೆ ಹರಿವೂ ನಿಧಾನ. ಮೇದೋಜೀರಕ, ಜಠರ, ಶ್ವಾಸಕೋಶ, ಅಂಡಾಶಯ, ಮೆದುಳು: ಹೆಪ್ಪು ಹೆಚ್ಚಾಗಿ ಕಾಣುವುದು ಈ ಐದರ ಕ್ಯಾನ್ಸರ್‌ಗಳಲ್ಲಿ, ನೆನಪಿಡಿ.

ನಾನು ಎಡವಿದ್ದು ಡಿವಿಟಿ ಇರುವ ಸಾಧ್ಯತೆ ಎಷ್ಟೆಂದು ಅಂಕ ಹಾಕಿ ಅಳೆಯುವ ವೆಲ್ಸ್ ಸ್ಕೋರ್‌ನಲ್ಲಿ. ಅಲ್ಲಿ ಕ್ಯಾನ್ಸರ್‌ಗೆ ಒಂದು ಅಂಕ ಇದೆಯಲ್ಲ, ಅದು ಈಗಾಗಲೇ ಗೊತ್ತಿರುವ ಕ್ಯಾನ್ಸರ್‌ಗೆ. ಅಡಗಿರಬಹುದು ಎಂಬ ಅನುಮಾನಕ್ಕೆ ಅಂಕವಿಲ್ಲ. ಇನ್ನೊಂದು ಅಂಕ ಮೀನಖಂಡದ್ದು: ಮೊಣಕಾಲ ಚಿಪ್ಪಿನ ಕೆಳಗೆ ಮುಂಗಾಲ ಮೂಳೆಯ ಮೇಲೆ ಕೈಗೆ ಸಿಗುವ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಟೇಪು ಸುತ್ತಿ. ಎರಡು ಕಾಲುಗಳ ಸುತ್ತಳತೆಯ ನಡುವೆ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರಬೇಕು. ಕಣ್ಣಂದಾಜು ನಡೆಯದು.

ಇನ್ನು ಮುಖ್ಯ ಪ್ರಶ್ನೆ. ಆಪರೇಷನ್, ಪ್ಲಾಸ್ಟರ್, ಹಾಸಿಗೆ ಹಿಡಿದದ್ದು, ಗರ್ಭ, ಗರ್ಭನಿರೋಧಕ ಮಾತ್ರೆ, ಇವುಗಳಲ್ಲಿ ಯಾವುದಾದರೂ ಇದ್ದರೆ ಹೆಪ್ಪಿಗೆ ಕಾರಣ ಸಿಕ್ಕಿತು. ಏನೂ ಇಲ್ಲದಿದ್ದರೆ ಅಡಗಿರಬಹುದಾದ ಕ್ಯಾನ್ಸರ್ ಹುಡುಕಲು ತಲೆಯಿಂದ ಕಾಲಿನವರೆಗೆ ಸಿಟಿ ಸ್ಕ್ಯಾನ್ ಮಾಡಿಸಬೇಕೇ? ಕೆನಡಾದಲ್ಲಿ ಇದನ್ನೇ ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2015ರಲ್ಲಿ. ಕಾರಣವಿಲ್ಲದೆ ಹೆಪ್ಪುಗಟ್ಟಿದ 854 ಮಂದಿಯಲ್ಲಿ ಒಂದು ಗುಂಪಿಗೆ ಸಾಮಾನ್ಯ ತಪಾಸಣೆ, ಇನ್ನೊಂದಕ್ಕೆ ಅದರ ಜೊತೆ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿಟಿ. ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾದದ್ದು ಒಟ್ಟು 33 ಮಂದಿಗೆ, ಅಂದರೆ ಶೇ. 3.9. ತಪಾಸಣೆಗೆ ಸಿಗದೆ ತಪ್ಪಿಸಿಕೊಂಡದ್ದು ಸಾಮಾನ್ಯ ಗುಂಪಿನಲ್ಲಿ 4, ಸಿಟಿ ಗುಂಪಿನಲ್ಲಿ 5! ನೂರರಲ್ಲಿ ತೊಂಬತ್ತಾರು ಜನರಿಗೆ ಕ್ಯಾನ್ಸರ್ ಇರಲಿಲ್ಲ ಅನ್ನುವುದನ್ನು ಟ್ರೂಸೋ ಕಥೆ ಕೇಳಿದ ಮೇಲೆ ಮರೆಯುವುದು ಸುಲಭ.

ಹಾಗಾಗಿ ಎಲ್ಲರಿಗೂ ಬೇಕಾದದ್ದು ಕೂಲಂಕಷ ವಿಚಾರಣೆ, ಮೈ ಪರೀಕ್ಷೆ, ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ, ಜೊತೆಗೆ ವಯಸ್ಸಿಗೆ ತಕ್ಕಂತೆ ಸ್ತನ, ಗರ್ಭಕೊರಳು, ಪ್ರಾಸ್ಟೇಟ್ ತಪಾಸಣೆ. ಎರಡೂ ಕಾಲಲ್ಲಿ ಹೆಪ್ಪಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಮತ್ತೆ ಬಂದರೆ, ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಇನ್ನೂ ಆಳಕ್ಕೆ ಹೋಗಬೇಕು.

ವಿಚಾರಣೆಯ ಬಗ್ಗೆ ಒಂದು ಮಾತು. 'ತೂಕ ಇಳಿದಿದೆಯಾ' ಎಂದರೆ ಬಹಳಷ್ಟು ಜನ 'ತೂಕ ನೋಡಿಕೊಂಡಿಲ್ಲ ಡಾಕ್ಟ್ರೇ' ಅನ್ನುತ್ತಾರೆ. 'ಬೆಲ್ಟಿಗೆ ಹೊಸ ತೂತು ಹಾಕಿಸಿದಿರಾ? ರವಿಕೆ ಹಿಡಿಸಿಕೊಂಡಿರಾ?' ಎಂದು ಕೇಳಿ.